ಪಿತ್ರಾರ್ಜಿತ ಸೀಟು

ನಮ್ಮ ಮನೆಗೂ ಒಂದು ಪಿತ್ರಾರ್ಜಿತ ಸೀಟಿತ್ತು. ಅದಕ್ಕೆ ಅರ್ಜಿ ಹಾಕಬೇಕಿರಲಿಲ್ಲ, ಪರೀಕ್ಷೆ ಬರೆಯಬೇಕಿರಲಿಲ್ಲ, ಸಾಲಲ್ಲಿ ನಿಲ್ಲಬೇಕಿರಲಿಲ್ಲ. ಮುತ್ತಾತ ಊರ ತೋಟಿ. ಅವನು ಹೋದ ಮೇಲೆ ತಾತ ತೋಟಿ. ಊರಲ್ಲಿ ಯಾರಾದರೂ ಸತ್ತರೆ ಸುತ್ತ ಹತ್ತೂರಿಗೆ ನಡೆದು ಸುದ್ದಿ ಮುಟ್ಟಿಸೋದು, ಸತ್ತ ದನ ಎಳೆಯೋದು, ಶಾನುಭೋಗರು ಕಂದಾಯ ವಸೂಲಿಗೆ ಹೊರಟರೆ ಲೆಕ್ಕದ ಗಂಟು ಹೊತ್ತು ಮಾರು ದೂರ ಬಿಟ್ಟು ಹಿಂದೆ ಹಿಂದೆ ನಡೆಯೋದು. ಸುಗ್ಗಿಯಲ್ಲಿ ಕಣದ ಮೂಲೆಗೆ ನಿಂತಾಗ ಮೊರದಲ್ಲಿ ಸುರಿದ ರಾಗಿಯೇ ಸಂಬಳ. ಶಾನುಭೋಗರ ಮನೆಯಲ್ಲೂ ಕೆಲಸ ಹೀಗೇ ಬರುತ್ತಿತ್ತು: ಅಪ್ಪನ ಕೈಯಿಂದ ಮಗನ ಕೈಗೆ ಲೆಕ್ಕದ ಪುಸ್ತಕ. ಪಟೇಲರ ಮನೆಯಲ್ಲೂ ಅಷ್ಟೆ. 1961ರಲ್ಲಿ ಸರ್ಕಾರ ಒಂದು ಕಾಯ್ದೆ ತಂದು ವಂಶಪಾರಂಪರ್ಯದ ಈ ಗ್ರಾಮ ಹುದ್ದೆಗಳನ್ನೆಲ್ಲ ರದ್ದು ಮಾಡಿತು. ಶಾನುಭೋಗರ ಮಗ ಮೈಸೂರಿಗೆ ಹೋಗಿ ಓದಿ ಇಂಜಿನಿಯರ್ ಆದ. ತಾತ ಮಾತ್ರ ಕಾಯ್ದೆ ಬಂದು ಎಷ್ಟೋ ವರ್ಷ ಆದ ಮೇಲೂ ಸಾವಿನ ಸುದ್ದಿ ಹೊತ್ತು ನಡೆಯುತ್ತಲೇ ಇದ್ದ. ಅವನಿಗೆ ಕಾಯ್ದೆಯ ಸುದ್ದಿಯನ್ನು ಯಾರೂ ಹೊತ್ತು ತಂದಿರಲಿಲ್ಲ.

ಹೀಗಾಗಿ ಹುಟ್ಟಿನಿಂದಲೇ ಸಿಗುವ ಸೀಟು ಅಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅಂಥದೊಂದು ಸೀಟು ಅಮೆರಿಕದ ಹಾರ್ವರ್ಡು, ಯೇಲ್‌ಗಳಲ್ಲೂ ಇದೆ, ಅದಕ್ಕೆ ಒಳ್ಳೆಯ ಇಂಗ್ಲಿಷ್ ಹೆಸರೂ ಇದೆ ಎಂದು ಗೊತ್ತಾದಾಗ ನನಗೆ ಇಪ್ಪತ್ತನಾಲ್ಕು ವರ್ಷ.

ಎಂ.ಎ. ಮುಗಿಸಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದವನು ಎಂಟು ತಿಂಗಳು ಒಂದು ಆಫೀಸಿನಲ್ಲಿದ್ದೆ. ಹೊರದೇಶಕ್ಕೆ ಓದಲು ಹೋಗುವ ಮಕ್ಕಳಿಗೆ ಅರ್ಜಿ ತುಂಬಿಸಿಕೊಡುವ ಆಫೀಸು. ಹೆಸರು, ತಾರೀಖು, ಅಂಕ ಸರಿಯಾಗಿವೆಯೇ ಎಂದು ತಾಳೆ ನೋಡುವುದು ನನ್ನ ಕೆಲಸ. ಅಮೆರಿಕದ ನೂರಾರು ಕಾಲೇಜುಗಳು ಒಪ್ಪುವ ಒಂದೇ ಅರ್ಜಿ ಇದೆ, ಕಾಮನ್ ಅಪ್ಲಿಕೇಶನ್ ಅನ್ನುತ್ತಾರೆ. ಅದರಲ್ಲಿ ಕುಟುಂಬದ ಭಾಗ ಅಂತ ಬರುತ್ತದೆ. ಅಪ್ಪ ಏನು ಕೆಲಸ, ಎಲ್ಲಿಯತನಕ ಓದಿದ್ದಾರೆ, ಯಾವ ಕಾಲೇಜು, ಯಾವ ಪದವಿ, ಯಾವ ವರ್ಷ. ಅಮ್ಮನಿಗೂ ಅವೇ ಪ್ರಶ್ನೆ. ಒಂದು ದಿನ ಒಬ್ಬ ಹುಡುಗನ ಅರ್ಜಿ ಬಂತು. ಅಪ್ಪನೂ ಅಮ್ಮನೂ ಅಲ್ಲಿನ ದೊಡ್ಡ ಹೆಸರಿನ ಯೂನಿವರ್ಸಿಟಿಯಲ್ಲಿ ಓದಿದವರು. ಮಗನೂ ಅಲ್ಲಿಗೇ ಹಾಕುತ್ತಿದ್ದಾನೆ. ನಮ್ಮ ಹಿರಿಯ ಸಹೋದ್ಯೋಗಿ, 'ಇದು ಲೆಗಸಿ ಕೇಸು, ಜೋಪಾನವಾಗಿ ನೋಡಪ್ಪ' ಅಂದರು.

'ಲೆಗಸಿ ಅಂದ್ರೆ ಏನು ಸಾರ್?'

'ಅಪ್ಪ ಅಮ್ಮ ಅಲ್ಲೇ ಓದಿದ್ರೆ ಮಕ್ಕಳಿಗೆ ಸ್ವಲ್ಪ ಮೊದಲ ಅವಕಾಶ.'

'ಅಂದ್ರೆ ಮೀಸಲಾತಿ.'

ಅವರು ಕನ್ನಡಕದ ಮೇಲಿಂದ ನನ್ನ ನೋಡಿದರು. 'ಛೆ ಛೆ, ಅದೇ ಬೇರೆ, ಇದೇ ಬೇರೆ ಕಣಪ್ಪ.'

ಹೇಗೆ ಬೇರೆ ಎಂದು ಅವರು ಹೇಳಲಿಲ್ಲ. ಅಂದಿನಿಂದ ನಾನೇ ಓದಿಕೊಂಡು ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಹಳ್ಳಿ ಶಾಲೆಗಳ ಮೇಷ್ಟ್ರುಗಳಿಗೂ ಹಾಸ್ಟೆಲ್ ಹುಡುಗರಿಗೂ ಇದು ತಿಳಿದಿರಬೇಕು. ಯಾಕೆಂದರೆ ನಮಗೆ ಮೆರಿಟ್ಟಿನ ಪಾಠ ಹೇಳುವವರೆಲ್ಲ ಕಡೆಗೆ ಕೈತೋರಿಸುವುದು ಅಮೆರಿಕದ ಕಡೆಗೇ. 'ಅಲ್ಲಿ ನೋಡಿ, ಜಾತಿಯಿಲ್ಲ, ಕೋಟಾ ಇಲ್ಲ, ಬುದ್ಧಿ ಇದ್ದವನಿಗೆ ಸೀಟು' ಎಂಬ ಮಾತನ್ನು ನಾನು ಡಿಗ್ರಿ ಮೊದಲ ವರ್ಷದಿಂದ ಕೇಳಿದ್ದೇನೆ.

ಮೊದಲು ಲೆಕ್ಕ ನೋಡೋಣ. ಈ ಕಾಲೇಜುಗಳು ತಮ್ಮ ಒಳಗಿನ ಲೆಕ್ಕ ಬಿಟ್ಟುಕೊಡುವವಲ್ಲ. ಹಾರ್ವರ್ಡಿನ ಮೇಲೆ ಬೇರೊಂದು ಕಾರಣಕ್ಕೆ ದಾವೆ ಬಿದ್ದು, 2018ರಲ್ಲಿ ವಿಚಾರಣೆ ನಡೆದಾಗ ಕಡತ ಬಿಚ್ಚಲೇಬೇಕಾಯಿತು. ಆರು ವರ್ಷದ ಅರ್ಜಿಗಳನ್ನು ಎಣಿಸಿದಾಗ ಕಂಡದ್ದು ಇದು: ಹಳೇ ವಿದ್ಯಾರ್ಥಿಗಳ ಮಕ್ಕಳು ನೂರು ಜನ ಅರ್ಜಿ ಹಾಕಿದರೆ ಸುಮಾರು 34 ಜನಕ್ಕೆ ಸೀಟು, ಉಳಿದವರು ನೂರು ಜನ ಹಾಕಿದರೆ ಸುಮಾರು 6 ಜನಕ್ಕೆ. ಅದೇ ಕಡತದಲ್ಲಿ ಇನ್ನೊಂದು ಪಟ್ಟಿಯೂ ಇತ್ತು, 'ಡೀನರ ಆಸಕ್ತಿಯ ಪಟ್ಟಿ' ಎಂದು ಅದರ ಹೆಸರು. ದುಡ್ಡು ಕೊಟ್ಟವರ, ಕೊಡಬಹುದಾದವರ ಮಕ್ಕಳ ಹೆಸರು ಅದರಲ್ಲಿ ಬರುತ್ತಿತ್ತು. ನಮ್ಮಲ್ಲಿ ವಶೀಲಿ ಅನ್ನುತ್ತೇವೆ. ಅವರು ಎಷ್ಟು ಮರ್ಯಾದೆಯಾಗಿ ಹೇಳುತ್ತಾರೆ ನೋಡಿ, ಆಸಕ್ತಿ!

2019ರಲ್ಲಿ ಅರ್ಥಶಾಸ್ತ್ರಜ್ಞರು ಈ ಅಂಕಿಗಳನ್ನು ಇನ್ನೂ ಸೋಸಿದರು. ಹಾರ್ವರ್ಡಿಗೆ ಸೇರಿಸಿಕೊಂಡ ಬಿಳಿಯ ವಿದ್ಯಾರ್ಥಿಗಳಲ್ಲಿ ನೂರಕ್ಕೆ 43 ಮಂದಿ ನಾಲ್ಕು ಬಾಗಿಲುಗಳಲ್ಲಿ ಒಂದರಿಂದ ಒಳಬಂದವರು. ಹಳೇ ವಿದ್ಯಾರ್ಥಿಯ ಮಗ ಅಥವಾ ಮಗಳು, ಡೀನರ ಪಟ್ಟಿಯವರು, ಅಧ್ಯಾಪಕ ಸಿಬ್ಬಂದಿಯ ಮಕ್ಕಳು, ಕಾಲೇಜು ಆಟಕ್ಕೆಂದು ಆರಿಸಿಕೊಂಡ ಆಟಗಾರರು. ಕಪ್ಪು ಜನ, ಏಷ್ಯಾ ಮೂಲದವರು, ಹಿಸ್ಪಾನಿಕ್ ಜನ ಇವರಲ್ಲಿ ಈ ಬಾಗಿಲುಗಳಿಂದ ಬಂದವರು ನೂರಕ್ಕೆ 16ಕ್ಕಿಂತ ಕಡಿಮೆ. ಆ 43ರ ಗುಂಪನ್ನು ಎಲ್ಲರ ಜೊತೆ ಸಾಲಲ್ಲಿ ನಿಲ್ಲಿಸಿದ್ದರೆ ಮುಕ್ಕಾಲು ಪಾಲಿಗೆ ಸೀಟೇ ಸಿಗುತ್ತಿರಲಿಲ್ಲ ಎಂದು ಅವರ ಲೆಕ್ಕ.

ಇಲ್ಲೊಂದು ತಕರಾರು ಬರುತ್ತದೆ. ಓದಿದವರ ಮಕ್ಕಳು ಚೆನ್ನಾಗಿ ಓದುತ್ತಾರಪ್ಪ, ಮನೆತುಂಬ ಪುಸ್ತಕ, ಒಳ್ಳೇ ಶಾಲೆ, ಅದಕ್ಕೆ ಜಾಸ್ತಿ ಸೀಟು ಸಿಕ್ಕಿರಬಹುದು. ಮಾತು ಪೂರ್ತಿ ಸುಳ್ಳಲ್ಲ. ಆದರೆ 2023ರ ಜುಲೈಯಲ್ಲಿ ರಾಜ್ ಚೆಟ್ಟಿ ಮತ್ತು ಜೊತೆಗಾರರು ಹಾರ್ವರ್ಡು, ಯೇಲ್ ಮೊದಲಾದ ಹನ್ನೆರಡು ಕಾಲೇಜುಗಳ ಬಗ್ಗೆ ಮಾಡಿದ ಅಧ್ಯಯನ ಇದಕ್ಕೂ ಉತ್ತರ ಕೊಟ್ಟಿದೆ. ಪರೀಕ್ಷೆಯ ಅಂಕ ಒಂದೇ ಇದ್ದರೂ, ನೂರಕ್ಕೊಂದು ಪಾಲಿನ ಅತಿ ಶ್ರೀಮಂತರ ಮಕ್ಕಳು ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿ ಈ ಕಾಲೇಜು ಸೇರುತ್ತಾರೆ. ಅದಕ್ಕೆ ದೊಡ್ಡ ಕಾರಣ ಈ ಪಿತ್ರಾರ್ಜಿತ. ಇನ್ನೊಂದು ಚಂದದ ಸಂಗತಿಯನ್ನೂ ಅವರು ಕಂಡುಹಿಡಿದರು. ಅಪ್ಪ ಓದಿದ ಕಾಲೇಜಿನಲ್ಲಿ ಬಹಳ ಬುದ್ಧಿವಂತನಾಗಿ ಕಾಣುವ ಅದೇ ಹುಡುಗ, ಅಷ್ಟೇ ದೊಡ್ಡ ಪಕ್ಕದ ಕಾಲೇಜಿಗೆ ಅರ್ಜಿ ಹಾಕಿದರೆ ಅಲ್ಲಿ ಸುಮ್ಮನೆ ಎಲ್ಲರಂತೆ ಒಬ್ಬ. ಬುದ್ಧಿ ಎಲ್ಲಿತ್ತು ಹಾಗಾದರೆ, ಹುಡುಗನ ತಲೆಯಲ್ಲೋ ಅಪ್ಪನ ಸರ್ಟಿಫಿಕೇಟಿನಲ್ಲೋ?

ಈ ಪದ್ಧತಿ ಅನಾದಿಯಿಂದ ಬಂದದ್ದಲ್ಲ. ನೂರು ವರ್ಷದ ಹಿಂದೆ ಕಟ್ಟಿದ ಬೇಲಿ ಇದು, ಯಾರನ್ನು ಹೊರಗಿಡಲು ಕಟ್ಟಿದರು ಎನ್ನುವುದೂ ಗೊತ್ತಿದೆ. 1920ರ ಸುಮಾರಿಗೆ ಪೂರ್ವ ಯೂರೋಪಿನಿಂದ ಬಂದ ಬಡ ಯಹೂದಿಗಳ ಮಕ್ಕಳು ಪ್ರವೇಶ ಪರೀಕ್ಷೆಗಳನ್ನು ಲೀಲಾಜಾಲವಾಗಿ ಪಾಸು ಮಾಡಿ ಒಳಬರತೊಡಗಿದರು. ದರ್ಜಿಗಳ ಮಕ್ಕಳು, ಬೀದಿಯಲ್ಲಿ ಸಾಮಾನು ಮಾರುವವರ ಮಕ್ಕಳು. ಹಾರ್ವರ್ಡಿನ ಅಧ್ಯಕ್ಷ ಲೊವೆಲ್ 1922ರಲ್ಲಿ ಯಹೂದಿಗಳಿಗೆ ಮಿತಿ ಹಾಕಬೇಕೆಂದು ಬಾಯಿಬಿಟ್ಟೇ ಹೇಳಿದ. ಗಲಾಟೆಯಾಯಿತು. ಬಾಯಿಬಿಟ್ಟು ಹೇಳುವುದು ಸಭ್ಯತೆಯಲ್ಲ ಎಂದು ಉಳಿದವರು ಬೇರೆ ದಾರಿ ಹಿಡಿದರು. ಅರ್ಜಿಯಲ್ಲಿ ಫೋಟೋ ಅಂಟಿಸು, ನಡತೆ ಹೇಗೆ ಬರೆಸು, ನಿನ್ನ ಕುಲಗೋತ್ರ ಹೇಳು. ಜೊತೆಗೆ, ನಮ್ಮಲ್ಲಿ ಓದಿದವರ ಮಕ್ಕಳಿಗೆ ಮೊದಲ ಮಣೆ. ಡಾರ್ಟ್‌ಮತ್ ಕಾಲೇಜು 1922ರಲ್ಲಿ, ತಕ್ಕಮಟ್ಟಿಗೆ ಅರ್ಹರಾದ ಹಳೇ ವಿದ್ಯಾರ್ಥಿಗಳ ಗಂಡುಮಕ್ಕಳನ್ನೆಲ್ಲ ಸೇರಿಸಿಕೊಳ್ಳುವುದಾಗಿ ನಿಯಮವನ್ನೇ ಮಾಡಿತು. ಯೇಲ್ 1925ರಲ್ಲಿ, ಸೀಟಿನ ಸಂಖ್ಯೆಗೆ ಮಿತಿಯಿದ್ದರೂ ಕನಿಷ್ಠ ಅರ್ಹತೆಯಿರುವ ಯೇಲ್ ಮಗನನ್ನು ಅದು ತಡೆಯಬಾರದು ಎಂದಿತು. ಕನಿಷ್ಠ ಅರ್ಹತೆ! ನಮ್ಮ ಹುಡುಗರ ಬಗ್ಗೆ ಸ್ಟಾಫ್ ರೂಮುಗಳಲ್ಲಿ ಉಗುಳುವ ಹಾಗೆ ಹೇಳುವ ಮಾತು ಅದು. ಅಲ್ಲಿ ಅದನ್ನು ಗೌರವದಿಂದ ಠರಾವು ಮಾಡಿ ಬರೆದಿಟ್ಟರು.

ನ್ಯೂಯಾರ್ಕಿನ ಕೊಲಂಬಿಯಾ ಕೂಡ ಆ ಕಾಲದಲ್ಲಿ ತನ್ನ ಪದವಿ ಕಾಲೇಜಿನಲ್ಲಿ ಯಹೂದಿಗಳನ್ನು ಕಡಿಮೆ ಮಾಡಲು ಇಂಥ ಅರ್ಜಿ, ಇಂಥ ಸಂದರ್ಶನಗಳನ್ನು ಬಳಸಿತು. ಅದಕ್ಕೆ ಕೆಲವೇ ವರ್ಷ ಮುಂಚೆ, 1913ರಿಂದ 1916ರ ತನಕ, ಅದೇ ಯೂನಿವರ್ಸಿಟಿಯಲ್ಲಿ ಸುಬೇದಾರ್ ರಾಮ್‌ಜಿಯವರ ಮಗ ಭೀಮರಾವ್ ಓದುತ್ತಿದ್ದರು. ಅವರಿಗೂ ಒಬ್ಬರು ಕೈಹಿಡಿದರು ನಿಜ. ಕೇಳುಸ್ಕರ್ ಎಂಬ ಮೇಷ್ಟ್ರು ಬರೋಡಾ ಮಹಾರಾಜರಿಗೆ ಪರಿಚಯಿಸಿದರು, ಮಹಾರಾಜರು ವಿದ್ಯಾರ್ಥಿವೇತನ ಕೊಟ್ಟರು. ಕೆಲವರು ಇದನ್ನೂ ವಶೀಲಿ ಅನ್ನಬಹುದು. ನಾನು ಅನ್ನುವುದಿಲ್ಲ. ಕೇಳುಸ್ಕರ್ ಮೇಷ್ಟ್ರಿಗೆ ಆ ಹುಡುಗ ಮಗನಲ್ಲ, ನೆಂಟನಲ್ಲ, ಜಾತಿಯವನೂ ಅಲ್ಲ. ಪಾರ್ಕಿನಲ್ಲಿ ಓದುತ್ತ ಕೂತಿದ್ದ ಹುಡುಗನನ್ನು ಕಂಡು ಮೆಚ್ಚಿದವರು ಅವರು.

ಇನ್ನು ಅಮೆರಿಕದ ದಕ್ಷಿಣ ರಾಜ್ಯಗಳ ಕತೆ. ಗುಲಾಮಗಿರಿ ಹೋದ ಮೇಲೆ ಕಪ್ಪು ಜನರಿಗೆ ಓಟು ಬಂತು. ಅದನ್ನು ಕಿತ್ತುಕೊಳ್ಳಬೇಕು, ಆದರೆ ಸಂವಿಧಾನದಲ್ಲಿ ಬಣ್ಣದ ಹೆಸರು ಎತ್ತುವಂತಿಲ್ಲ. ಲೂಸಿಯಾನಾ ರಾಜ್ಯ 1898ರಲ್ಲಿ ಉಪಾಯ ಮಾಡಿತು: ಓಟು ಬೇಕಾದರೆ ಓದುಬರಹದ ಪರೀಕ್ಷೆ ಪಾಸಾಗಬೇಕು ಇಲ್ಲವೆ ಆಸ್ತಿ ಇರಬೇಕು, ಆದರೆ 1867ರ ಜನವರಿ 1ಕ್ಕೆ ಯಾರಿಗೆ ಓಟಿತ್ತೋ ಅವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಇದರಿಂದ ವಿನಾಯಿತಿ. ಆ ತಾರೀಖಿಗೆ ಅಲ್ಲಿ ಯಾವ ಕಪ್ಪು ತಾತನಿಗೂ ಓಟಿರಲಿಲ್ಲ. ನೋಡಿ, ಇಡೀ ನಿಯಮದಲ್ಲಿ ಕಪ್ಪು ಎಂಬ ಪದ ಎಲ್ಲೂ ಇಲ್ಲ. ತಾತ ಮಾತ್ರ ಇದ್ದಾನೆ. 'ತಾತನ ಕಲಮು' ಎಂದೇ ಅದಕ್ಕೆ ಹೆಸರು ಬಿತ್ತು. ಓಕ್ಲಹೋಮಾದ ಇಂಥದೇ ಕಲಮನ್ನು ಅಲ್ಲಿನ ಸುಪ್ರೀಂ ಕೋರ್ಟು 1915ರಲ್ಲಿ ಹೊಡೆದುಹಾಕಿತು. ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಇದನ್ನು ಓದಿದ ರಾತ್ರಿ ನನಗೆ ನಮ್ಮ ತಾತನ ದೊಣ್ಣೆ, ಕಂಬಳಿ ಕಣ್ಣಮುಂದೆ ಬಂದವು.

ಕಾಲೇಜುಗಳಿಗೆ ಈ ತಾತನನ್ನು ಮತ್ತೆ ಕರೆತಂದದ್ದು 1954ರ ನಂತರ. ಆ ವರ್ಷ ಮೇ ತಿಂಗಳಲ್ಲಿ ಬ್ರೌನ್ ಮೊಕದ್ದಮೆಯ ತೀರ್ಪು ಬಂದು, ಕಪ್ಪು ಮಕ್ಕಳಿಗೆ ಬೇರೆ ಶಾಲೆ ಎಂಬುದು ಸಂವಿಧಾನಕ್ಕೆ ವಿರುದ್ಧ ಎಂದಾಯಿತು. ತೀರ್ಪು ಬಂದ ಕೆಲವೇ ತಿಂಗಳಲ್ಲಿ ಮಿಸಿಸಿಪ್ಪಿ ರಾಜ್ಯದ ಕಾಲೇಜುಗಳ ಆಡಳಿತ ಮಂಡಲಿ ಒಂದು ಹೊಸ ನಿಯಮ ಮಾಡಿತು. ಅರ್ಜಿ ಹಾಕುವವರು ಆ ಯೂನಿವರ್ಸಿಟಿಯ ಹಳೇ ವಿದ್ಯಾರ್ಥಿಗಳಿಂದ ನಡತೆಯ ಪ್ರಮಾಣಪತ್ರ ತರಬೇಕು. ಇಷ್ಟೆ. ಬಣ್ಣದ ಮಾತೇ ಇಲ್ಲ. ಆ ಯೂನಿವರ್ಸಿಟಿಯಲ್ಲಿ ಓದಿದವರೆಲ್ಲ ಬಿಳಿಯರು, ಕಪ್ಪು ಹುಡುಗನಿಗೆ ಅವರಲ್ಲಿ ಯಾರು ಸಹಿ ಹಾಕಿಕೊಟ್ಟಾರು? ಹಾಕಿದವನು ಊರಲ್ಲಿ ಬದುಕಿಯಾನೆ?

ಜಾರ್ಜಿಯಾದಲ್ಲೂ ಇಂಥದೇ ನಿಯಮವಿತ್ತು. ಅಲ್ಲಿ ಕಪ್ಪು ಹೆಣ್ಣುಮಕ್ಕಳು ಕೋರ್ಟಿಗೆ ಹೋಗಿ 1959ರಲ್ಲಿ ಗೆದ್ದರು. ಹಳೇ ವಿದ್ಯಾರ್ಥಿಗಳ ಸಹಿ ಕೇಳುವುದು ತಪ್ಪೆಂದು ತೀರ್ಪಾಯಿತು. ಕೂಡಲೇ ಸರ್ಕಾರ ಕಾಲೇಜಿಗೆ ಸೇರಲು ವಯಸ್ಸಿನ ಮಿತಿ ತಂದಿತು. ಗೆದ್ದವರು ಹೊರಗೇ ಉಳಿದರು.

ಮಿಸಿಸಿಪ್ಪಿಯಲ್ಲಿ 1961ರ ಜನವರಿಯಲ್ಲಿ ಜೇಮ್ಸ್ ಮೆರೆಡಿತ್ ಎಂಬ ಯುವಕ ಅರ್ಜಿ ಹಾಕಿದ. ರೈತನ ಮಗ, ವಾಯುಪಡೆಯಲ್ಲಿ ಒಂಬತ್ತು ವರ್ಷ ದುಡಿದು ಬಂದವನು. ಅರ್ಜಿಯ ಜೊತೆ ಒಂದು ಕಾಗದವನ್ನೂ ಇಟ್ಟ. ನಾನು ನೀಗ್ರೋ, ನಿಮ್ಮ ಹಳೇ ವಿದ್ಯಾರ್ಥಿಗಳೆಲ್ಲ ಬಿಳಿಯರು, ಅವರಲ್ಲಿ ಒಬ್ಬರ ಪರಿಚಯವೂ ನನಗಿಲ್ಲ, ಆದ್ದರಿಂದ ನಮ್ಮ ಜನರಿಂದಲೇ ನನ್ನ ನಡತೆಗೆ ಸಾಕ್ಷಿ ಬರೆಸಿ ಕಳಿಸುತ್ತಿದ್ದೇನೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಕಾಗದದಲ್ಲಿ ಬೇಡಿಕೊಳ್ಳುವುದಿಲ್ಲ, ಬೈಯುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾನೆ. ನಾನು ಕವಿತೆ ಬರೆಯುವವನು. ಅಷ್ಟು ನೆಟ್ಟಗಿನ ಸಾಲು ಬರೆಯಲು ನನಗಿನ್ನೂ ಬಂದಿಲ್ಲ. 1962ರ ಜನವರಿಯಲ್ಲಿ ಅಪೀಲು ಕೋರ್ಟು, ಹಳೇ ವಿದ್ಯಾರ್ಥಿಗಳ ಪ್ರಮಾಣಪತ್ರದ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿತು. ತೀರ್ಪು ಬರೆದ ಬಿಳಿಯ ನ್ಯಾಯಾಧೀಶನ ಹೆಸರು ಜಾನ್ ಮೈನರ್ ವಿಸ್ಡಮ್. ವಿಸ್ಡಮ್ ಅಂದರೆ ವಿವೇಕ. ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳುವವರೂ ಒಬ್ಬೊಬ್ಬರು ಇರುತ್ತಾರೆ. ಆ ಮೇಲೆ ಸೆಪ್ಟೆಂಬರ್ 30ರ ರಾತ್ರಿ ಕಾಲೇಜಿನ ಆವರಣದಲ್ಲಿ ದೊಂಬಿ, ಗುಂಡು, ಎರಡು ಹೆಣ. ಮಾರನೆಯ ದಿನ ಕೇಂದ್ರದ ಮಾರ್ಷಲ್‌ಗಳ ಕಾವಲಿನಲ್ಲಿ ಮೆರೆಡಿತ್ ಹೆಸರು ನೋಂದಾಯಿಸಿದ. 1963ರ ಆಗಸ್ಟಿನಲ್ಲಿ ಪದವಿ ಪಡೆದ.

ಈ ಸಹಿಯ ಸಂಕಟ ನಮ್ಮ ಓದುಗರಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಒಂದು ಟ್ರಸ್ಟಿನ ವಿದ್ಯಾರ್ಥಿವೇತನಕ್ಕೆ ಅರ್ಜಿ ತಂದಿದ್ದೆ. 'ಸ್ಥಳೀಯ ಗಣ್ಯ ವ್ಯಕ್ತಿಗಳಿಬ್ಬರ ಶಿಫಾರಸು' ಎಂದು ಒಂದು ಅಂಕಣ. ಗಣ್ಯ ಅಂದರೆ ಎಣಿಕೆಗೆ ಬರುವವರು. ನಮ್ಮ ಕೇರಿಯಲ್ಲಿ ನೂರಿಪ್ಪತ್ತು ಮನೆ, ಎಣಿಸಿದರೆ ಒಬ್ಬರೂ ಎಣಿಕೆಗೆ ಬರಲಿಲ್ಲ. ಅಪ್ಪ ಗಾರೆ ಕೆಲಸಕ್ಕೆ ರಜೆ ಹಾಕಿ, ಬಿಳಿ ಅಂಗಿ ತೊಟ್ಟು, ಊರಿನ ದೊಡ್ಡ ಮನೆಗೆ ಹೋದರು. ನಾನೂ ಹಿಂದೆ ಇದ್ದೆ. ಯಜಮಾನರು ಜಗುಲಿಯ ಮೇಲೆ ಪೇಪರ್ ಓದುತ್ತಿದ್ದರು. ನಾವು ಕೊಟ್ಟಿಗೆಯ ಪಕ್ಕ ನಿಂತೆವು. ಪೇಪರು ಮುಗಿಯಿತು, ಕಾಫಿ ಮುಗಿಯಿತು, ಬಿಸಿಲು ಗೋಡೆಯಿಂದ ಇಳಿದು ನಮ್ಮ ಕಾಲಿಗೆ ಬಂತು. 'ಏನ್ಲಾ?' 'ಮಗ ಓದ್ತಾವ್ನೆ ಬುದ್ದಿ, ಒಂದು ಸಹಿ.' ಅವರು ಅರ್ಜಿ ತಿರುಗಿಸಿ ಮುರುಗಿಸಿ ನೋಡಿ, 'ಇವನ ನಡತೆ ನನಗೇನ್ಲಾ ಗೊತ್ತು?' ಅಂದರು. ಹದಿನಾರು ವರ್ಷ ಅದೇ ಊರಲ್ಲಿ ಬೆಳೆದಿದ್ದೆ. ಅವರ ಮನೆಯ ಬಾವಿಯ ಕಟ್ಟೆ ಕಟ್ಟಿದ್ದು ಅಪ್ಪ. ಕೊನೆಗೆ ಸಹಿ ಹಾಕಿದ್ದು ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರು. ಎರಡನೇ ಸಹಿಗೆ ತಮ್ಮ ಹೆಂಡತಿಯ ಹತ್ತಿರವೇ ಹಾಕಿಸಿಕೊಟ್ಟರು, ಆಕೆಯೂ ಟೀಚರು. ಈ ಪತ್ರಿಕೆ ಓದುವ ಮೇಷ್ಟ್ರುಗಳಲ್ಲಿ ಅಂಥ ಸಹಿ ಹಾಕಿದ ಕೈಗಳು ಎಷ್ಟೋ ಇರಬಹುದು.

ಮತ್ತೆ ಅಮೆರಿಕಕ್ಕೆ ಬರುತ್ತೇನೆ. ಮಿಶಿಗನ್ ಯೂನಿವರ್ಸಿಟಿಯಲ್ಲಿ ಪದವಿ ಪ್ರವೇಶಕ್ಕೆ ಅಂಕದ ಪಟ್ಟಿ ಇತ್ತು. ಹಿಂದುಳಿದ ಜನಾಂಗದವರಾದರೆ 20 ಅಂಕ. ಅಪ್ಪ ಅಥವಾ ಅಮ್ಮ ಅಲ್ಲೇ ಓದಿದ್ದರೆ 4 ಅಂಕ, ತಾತನೋ ಅಣ್ಣನೋ ಓದಿದ್ದರೆ 1. 2003ರಲ್ಲಿ ಸುಪ್ರೀಂ ಕೋರ್ಟು ಆ 20 ಅಂಕವನ್ನು ಹೊಡೆದುಹಾಕಿತು. ಆ ನಾಲ್ಕು ಅಂಕದ ವಿರುದ್ಧ ಯಾರೂ ಕೋರ್ಟಿಗೆ ಹೋಗಿರಲಿಲ್ಲ. ಆ 20ರ ವಿರುದ್ಧ ಸರ್ಕಾರದ ಪರವಾಗಿ ಮಾತಾಡಿದವರು ಅಧ್ಯಕ್ಷ ಜಾರ್ಜ್ ಬುಷ್. ತಾತ ಯೇಲ್, ಅಪ್ಪ ಯೇಲ್, ತಾವೂ ಯೇಲ್. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು: 2004ರಲ್ಲಿ ಪತ್ರಕರ್ತರು ನೇರವಾಗಿ ಕೇಳಿದಾಗ, ಈ ಹಳೇ ವಿದ್ಯಾರ್ಥಿ ಪದ್ಧತಿಯೂ ಹೋಗಬೇಕು ಎಂದು ಅವರೇ ಒಪ್ಪಿದರು. ಒಪ್ಪಿದರು, ಅಷ್ಟೆ.

2023ರ ಜೂನ್ 29ರಂದು ಅದೇ ಸುಪ್ರೀಂ ಕೋರ್ಟು ಹಾರ್ವರ್ಡಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟು, ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಮುನ್ನೂರು ವರ್ಷ ಗುಲಾಮರಾಗಿ, ಬಹಿಷ್ಕೃತರಾಗಿ ಇದ್ದವರ ಮಕ್ಕಳಿಗೆ ಕೊಡುತ್ತಿದ್ದ ಸಣ್ಣ ಗಮನ ಅಕ್ರಮವಾಯಿತು. ಹಳೇ ವಿದ್ಯಾರ್ಥಿಯ ಮಗನಿಗೆ ಕೊಡುವ ಗಮನ ಹಾಗೇ ಉಳಿಯಿತು, ಅದು ದಾವೆಯ ವಿಷಯವೇ ಆಗಿರಲಿಲ್ಲ. ನಮ್ಮ ಆಫೀಸಿನ ಹಿರಿಯರು ಹೇಳಿದ 'ಅದೇ ಬೇರೆ, ಇದೇ ಬೇರೆ' ಎಂಬ ಮಾತಿನ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಆ ದಿನ.

ಕಾಲೇಜುಗಳು ಕೊಡುವ ಸಮರ್ಥನೆ ದುಡ್ಡಿನದು. ಹಳೇ ವಿದ್ಯಾರ್ಥಿಗಳು ದೇಣಿಗೆ ಕೊಡುತ್ತಾರೆ, ಅದರಿಂದಲೇ ಬಡ ಮಕ್ಕಳಿಗೆ ವಿದ್ಯಾರ್ಥಿವೇತನ, ಅವರ ಮಕ್ಕಳಿಗೆ ಸೀಟಿಲ್ಲ ಅಂದರೆ ದೇಣಿಗೆ ನಿಲ್ಲುತ್ತದೆ ಎಂದು. ನಮ್ಮ ಕಡೆ ದೇವಸ್ಥಾನಕ್ಕೆ ಕಲ್ಲು ಹಾಕಿಸಿದವನ ಮೊಮ್ಮಗನಿಗೆ ಮೊದಲ ತೀರ್ಥ ಕೊಡುವ ವಾದ ಇದು. ಆದರೆ ಎಂ.ಐ.ಟಿ., ಕ್ಯಾಲ್‌ಟೆಕ್ ಈ ಪದ್ಧತಿ ಇಲ್ಲದೆಯೇ ನಡೆಯುತ್ತಿವೆ, ಅವೇನೂ ಭಿಕ್ಷೆ ಎತ್ತುತ್ತಿಲ್ಲ. ಜಾನ್ಸ್ ಹಾಪ್ಕಿನ್ಸ್ 2014ರ ಹೊತ್ತಿಗೆ ಸದ್ದಿಲ್ಲದೆ ಬಿಟ್ಟು, 2020ರಲ್ಲಿ ಬಹಿರಂಗವಾಗಿ ಹೇಳಿತು. ಅಲ್ಲಿ 2009ರಲ್ಲಿ ಹೊಸಬರ ಪೈಕಿ ನೂರಕ್ಕೆ 12.5 ಮಂದಿ ಹಳೇ ವಿದ್ಯಾರ್ಥಿಗಳ ಮನೆಯವರಿದ್ದರು; 2019ರಲ್ಲಿ 3.5. ಬಡವರ ಮಕ್ಕಳ ಪಾಲು ಅದೇ ಅವಧಿಯಲ್ಲಿ ಎರಡರಷ್ಟಾಯಿತು. ಆಮ್ಹರ್ಸ್ಟ್ ಕಾಲೇಜು 2021ರಲ್ಲಿ ಬಿಟ್ಟಿತು. ಕೊಲೊರಾಡೊ ರಾಜ್ಯ 2021ರಲ್ಲಿ, ವರ್ಜೀನಿಯಾ 2024ರಲ್ಲಿ ತಮ್ಮ ಸರ್ಕಾರಿ ಕಾಲೇಜುಗಳಲ್ಲಿ ನಿಷೇಧಿಸಿದವು. ಕ್ಯಾಲಿಫೋರ್ನಿಯಾ 2024ರ ಸೆಪ್ಟೆಂಬರಿನಲ್ಲಿ ಖಾಸಗಿ ಕಾಲೇಜುಗಳಿಗೂ ನಿಷೇಧ ತಂದಿತು. ಅಲ್ಲಿನ ಸ್ಟ್ಯಾನ್‌ಫರ್ಡ್ ಏನು ಮಾಡಿತು ಗೊತ್ತೆ? ಬಡ ವಿದ್ಯಾರ್ಥಿಗಳಿಗೆ ಬರುವ ರಾಜ್ಯ ಸರ್ಕಾರದ ಸಹಾಯಧನವನ್ನೇ 2025ರಲ್ಲಿ ಬಿಟ್ಟುಕೊಟ್ಟು, ಆ ಖರ್ಚು ತಾನೇ ಹಾಕಿಕೊಳ್ಳುವುದಾಗಿ ಹೇಳಿ, ಪಿತ್ರಾರ್ಜಿತವನ್ನು ಉಳಿಸಿಕೊಂಡಿತು. ದುಡ್ಡಿಗಾಗಿ ಈ ಪದ್ಧತಿ ಎನ್ನುತ್ತಿದ್ದವರು ಪದ್ಧತಿಗಾಗಿ ದುಡ್ಡನ್ನು ಬಿಟ್ಟರು.

ಇಷ್ಟು ಹೊತ್ತು ನಾನು ಬರೆದದ್ದೆಲ್ಲ ಸುಲಭದ್ದು. ಎದುರಿಗೆ ಉಳ್ಳವರನ್ನು ನಿಲ್ಲಿಸಿಕೊಂಡು ಬರೆಯಲು ಕೈ ತಾನಾಗಿ ಓಡುತ್ತದೆ. ಕಷ್ಟದ ಪ್ರಶ್ನೆ ಬೇರೆ ಇದೆ, ಅದನ್ನು ಕೇಳುತ್ತಿರುವವರು ಅಲ್ಲಿನ ಕಪ್ಪು ಜನರೇ.

ಮೆರೆಡಿತ್‌ನ ಮಗ ಜೋಸೆಫ್ ಅದೇ ಮಿಸಿಸಿಪ್ಪಿ ಯೂನಿವರ್ಸಿಟಿಗೆ ಹೋಗಿ 2002ರಲ್ಲಿ ಪಿಎಚ್.ಡಿ. ಪಡೆದ, ತನ್ನ ವಿಭಾಗದ ಅತ್ಯುತ್ತಮ ಸಂಶೋಧನಾ ವಿದ್ಯಾರ್ಥಿ ಎನ್ನಿಸಿಕೊಂಡ. ಅವನಿಗೆ ಯಾರ ಸಹಿಯೂ ಬೇಕಾಗಲಿಲ್ಲ. ಬೇಕಾಗಿದ್ದರೆ ಮನೆಯಲ್ಲೇ ಒಬ್ಬ ಹಳೇ ವಿದ್ಯಾರ್ಥಿ ಇದ್ದ. 1960, 70ರ ದಶಕಗಳಲ್ಲಿ ಬಾಗಿಲು ಒಡೆದು ಒಳಗೆ ಹೋದ ಕಪ್ಪು ಜನರ ಮಕ್ಕಳು, ಮೊಮ್ಮಕ್ಕಳು ಈಗ ಕಾಲೇಜು ವಯಸ್ಸಿಗೆ ಬಂದಿದ್ದಾರೆ. ಮೊದಲ ಸಲ ಅವರ ಕೈಗೂ ಪಿತ್ರಾರ್ಜಿತದ ಚೀಟಿ ಬಂದಿದೆ. ಈಗ ಪದ್ಧತಿ ಕೆಟ್ಟದ್ದು, ತೆಗೆಯಬೇಕು ಎನ್ನುತ್ತೀರಿ; ನೂರು ವರ್ಷ ನೀವು ಉಂಡಾಗ ಯಾರಿಗೂ ತೋರಲಿಲ್ಲ, ನಮ್ಮ ಎಲೆ ಹಾಕಿದ ಕೂಡಲೆ ಊಟ ಮುಗಿಯಿತೆ ಎಂದು ಅವರಲ್ಲಿ ಕೆಲವರು ಕೇಳುತ್ತಾರೆ. ಈ ಮಾತನ್ನು ಮೊದಲು ಓದಿದಾಗ ನಾನು ಪುಟ ತಿರುಗಿಸಿ ಮುಂದಕ್ಕೆ ಹೋಗಿದ್ದೆ. ಆದರೆ ಅದೇ ಮಾತು ಹೋದ ವರ್ಷ ನಮ್ಮ ಮನೆಯ ನಡುಮನೆಯಲ್ಲಿ ಬಂದು ಕೂತಿತು.

ತಮ್ಮ ಪಿಯುಸಿ ಮುಗಿಸಿದ. ಮೈಸೂರಿನಲ್ಲಿ ನಾನು ಓದಿದ ಅನುದಾನಿತ ಕಾಲೇಜಿಗೆ ಬಿ.ಎಸ್ಸಿ.ಗೆ ಅರ್ಜಿ ಹಾಕಿದ. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಕಾಯುವ ಪಟ್ಟಿಯಲ್ಲಿ ಏಳನೆಯವನು. ಅಲ್ಲಿನ ನಮ್ಮ ಮೇಷ್ಟ್ರೊಬ್ಬರಿಗೆ ನನ್ನ ಮೇಲೆ ಪ್ರೀತಿ. ನನ್ನ ಮೊದಲ ಕವಿತೆಗಳನ್ನು ತಿದ್ದಿದವರು. ಅವರೇ ಫೋನು ಮಾಡಿ ಹೇಳಿದರು: 'ಎರಡು ಸೀಟು ಖಾಲಿ ಬಿದ್ದಿವೆಯಯ್ಯ. ನಾನು ಈ ಕಾಲೇಜಿನ ಹಳೇ ವಿದ್ಯಾರ್ಥಿ, ಇವನು ನನ್ನ ತಮ್ಮ ಅಂತ ಒಂದು ಕಾಗದ ಬರೆದುಕೊಡು. ಪ್ರಿನ್ಸಿಪಾಲರಿಗೆ ನಾನು ಹೇಳ್ತೀನಿ.'

ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಮ್ಮಂಥ ಮನೆಯಿಂದ ಇನ್ನೊಬ್ಬ ಬರಲಿ ಎಂಬ ಆಸೆ. ಆ ಕಾಯುವ ಪಟ್ಟಿಯನ್ನು ನಾನು ನೋಡಿದ್ದೆ. ತಮ್ಮನಿಗಿಂತ ಮುಂದೆ ಆರು ಜನ. ಅವರಲ್ಲಿ ಇಬ್ಬರ ಹೆಸರಿನ ಮುಂದೆ ಹಾಸ್ಟೆಲಿನ ವಿಳಾಸವಿತ್ತು. ಒಂದು ಹುಡುಗಿಯ ಊರು ಎಚ್.ಡಿ. ಕೋಟೆಯ ಕಾಡಿನಂಚಿನ ಒಂದು ಹಾಡಿ. ನಾನು ಕಾಗದ ಬರೆಯುವುದಿಲ್ಲ ಅಂದೆ.

ಅಪ್ಪ ಒಂದು ದಿನ ಪೂರ್ತಿ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದರು, 'ಅವರ ಮಕ್ಕಳಿಗೆ ಅವರು ಮಾಡ್ಕಂಡ್ರು. ಅವರಪ್ಪ, ಅವರ ತಾತ, ಎಲ್ಲರೂ ಮಾಡ್ಕಂಡ್ರು. ನಮ್ಮ ವಂಶದಲ್ಲಿ ಮೊದಲನೇ ಸಲ ಒಬ್ಬನ ಮಾತು ನಡೀತದೆ ಅಂದ್ರೆ, ನೀನು ಆಡಲ್ಲ ಅಂತೀಯ. ನಿನ್ನ ನ್ಯಾಯ ಎಲ್ಲಾ ನಮ್ಮ ಮೇಲೇನಾ?'

ನಾನು ಆ ಹಾಡಿಯ ಹುಡುಗಿಯ ಮಾತು ಎತ್ತಿದೆ. ಪದ್ಧತಿ ನಮ್ಮ ಕೈಗೆ ಬಂದರೆ ಅದೇನು ನೆಟ್ಟಗಾಗಲ್ಲ, ನಮ್ಮ ಹಿಂದೆ ಇನ್ನೂ ಓದದೆ ಉಳಿದವರ ಮನೆ ಬಾಗಿಲಿಗೆ ಅದೇ ಅಗುಳಿ ಆಗುತ್ತದೆ ಅಂದೆ. ಹೇಳಿದ್ದನ್ನು ಈಗಲೂ ನಂಬಿದ್ದೇನೆ. ಹಾರ್ವರ್ಡಿನ ಬಾಗಿಲಲ್ಲಿ ಯಾವುದು ಅನ್ಯಾಯವೋ ನಮ್ಮ ಮೈಸೂರಿನ ಕಾಲೇಜಿನ ಬಾಗಿಲಲ್ಲೂ ಅದು ಅನ್ಯಾಯವೇ. ನನ್ನ ತಮ್ಮ ಒಳಗೆ ಹೋಗುತ್ತಾನೆ ಎಂಬ ಕಾರಣಕ್ಕೆ ಅದು ಸಾಮಾಜಿಕ ನ್ಯಾಯ ಆಗುವುದಿಲ್ಲ. ಆದರೆ ಅಪ್ಪನ ಪ್ರಶ್ನೆಗೆ ಇದು ಉತ್ತರವಲ್ಲ ಎಂಬುದೂ ನನಗೆ ಗೊತ್ತು. ಅವರು ಕೇಳಿದ್ದು ನ್ಯಾಯ ಯಾವುದು ಎಂದಲ್ಲ, ಅದರ ಖರ್ಚು ಪ್ರತಿ ಸಲ ಯಾರ ತಲೆ ಮೇಲೆ ಎಂದು. ಅವ್ವ ಮಾತ್ರ, 'ಅಂವ ಕೇಳಲ್ಲ ಅಂದ ಮೇಲೆ ಬುಡಿ. ಅನ್ನ ತಣ್ಗಾಯ್ತದೆ' ಅಂದಳು.

ತಮ್ಮ ಈಗ ನಂಜನಗೂಡಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ. ಬೆಳಿಗ್ಗೆ ಏಳು ಗಂಟೆಯ ಬಸ್ಸಿಗೆ ಹೋಗುತ್ತಾನೆ. ವಿಜ್ಞಾನ ಓದಬೇಕೆಂದಿದ್ದವನು. ನನ್ನ ಕಂಡರೆ ಮಾತಾಡುತ್ತಾನೆ, ಮೊದಲಿನಷ್ಟಲ್ಲ. ಮೊನ್ನೆ ಅವನ ಟೇಬಲಿನ ಮೇಲೆ ಒಂದು ಅರ್ಜಿ ಬಿದ್ದಿತ್ತು, ಯಾವುದೋ ವಿದ್ಯಾರ್ಥಿವೇತನದ್ದು. ಕುಟುಂಬದಲ್ಲಿ ಪದವೀಧರರು ಇದ್ದಾರೆಯೇ ಎಂಬಲ್ಲಿ ನನ್ನ ಹೆಸರು ಬರೆದಿದ್ದ, ಪಕ್ಕದಲ್ಲಿ ಕಂಸದೊಳಗೆ 'ಅಣ್ಣ' ಎಂದು. ಆ ಎರಡು ಸೀಟಿಗೆ ಕೊನೆಗೆ ಯಾರು ಸೇರಿದರು ಎಂದು ಮೇಷ್ಟ್ರನ್ನು ನಾನು ಕೇಳಿಲ್ಲ.